ಫೈಟೊಸ್ಟೆರಾಲ್ ಪುಡಿ ವಿಮರ್ಶೆ: ಸೋಯಾ, ಪೈನ್, ‘ನೀರಲ್ಲಿ ಬೆರೆಯುವ’ ಬಗೆ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಸಣ್ಣ ಫರ್ಮೆಂಟೇಶನ್ ಲ್ಯಾಬುಗಳಿಗೆ ಡೀಲರುಗಳು ತರಿಸಿಕೊಡುವ ಫೈಟೊಸ್ಟೆರಾಲ್ (ಸಸ್ಯಗಳಲ್ಲಿರುವ, ಕೊಲೆಸ್ಟೆರಾಲ್ ಹೋಲುವ ವಸ್ತು) ಹೆಚ್ಚಾಗಿ ಈ ಮೂರು ಬಗೆಯದು. ಮೂರೂ ಮೂಲತಃ ಕೊಲೆಸ್ಟೆರಾಲ್ ಇಳಿಸುವ ಆಹಾರ ಪೂರಕಗಳಿಗೆಂದು ತಯಾರಾದ ಮಾಲು. ನಾವು ನೋಡಿದ್ದು ಬೇರೆ ಬಳಕೆಗೆ: ಮೈಕೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದಿಂದ ಸ್ಟೆರಾಲಿನ ಪಕ್ಕದ ಸರಪಳಿ ಕತ್ತರಿಸಿ ಆಂಡ್ರೊಸ್ಟೀನ್‌ಡಯೋನ್, ಅಂದರೆ ಎಡಿ, ತೆಗೆಯುವುದಕ್ಕೆ. ಸ್ಪೈರೊನೊಲ್ಯಾಕ್ಟೋನ್‌ನಿಂದ ಹಿಡಿದು ಹಲವು ಸ್ಟೆರಾಯ್ಡ್ ಔಷಧಿಗಳಿಗೆ ಈ ಎಡಿಯೇ ಕಚ್ಚಾ ಮಾಲು. ಈ ಕೆಲಸಕ್ಕೆ ಕೊಳ್ಳುವುದಾದರೆ ಸೋಯಾದ ನುಣುಪು ಪುಡಿ ಕೊಳ್ಳಿ. ಉಳಿದೆರಡರ ತಂಟೆಗೆ ಯಾಕೆ ಹೋಗಬಾರದು ಅನ್ನುವುದು ಕೆಳಗಿದೆ.

ಮೊದಲು ಲೆಕ್ಕ. ಬೀಟಾ-ಸಿಟೊಸ್ಟೆರಾಲಿನ ಅಣುತೂಕ 414.7, ಎಡಿಯದು 286.4. ಹಾಗಾಗಿ 10 ಗ್ರಾಂ ಶುದ್ಧ ಸಿಟೊಸ್ಟೆರಾಲಿನಿಂದ ಹೆಚ್ಚೆಂದರೆ 6.9 ಗ್ರಾಂ ಎಡಿ. ಅದಕ್ಕಿಂತ ಜಾಸ್ತಿ ಬಂತು ಎಂದು ಯಾರಾದರೂ ಹೇಳಿದರೆ ಮಾಲು ಇನ್ನೂ ಒಣಗಿಲ್ಲ ಎಂದೇ ತಿಳಿಯಿರಿ.

ಸೋಯಾ ಪುಡಿ, ಚೀಟಿಯಲ್ಲಿ ಶೇ. 95. ಸೋಯಾ ಎಣ್ಣೆ ಶುದ್ಧೀಕರಿಸುವಾಗ ವಾಸನೆ ತೆಗೆಯುವ ಹಂತದಲ್ಲಿ ಉಳಿಯುವ ಡಿಸ್ಟಿಲೇಟ್ ಇದರ ಮೂಲ. ಸುಮಾರು ಅರ್ಧದಷ್ಟು ಸಿಟೊಸ್ಟೆರಾಲ್, ಉಳಿದದ್ದು ಹೆಚ್ಚಾಗಿ ಕ್ಯಾಂಪೆಸ್ಟೆರಾಲ್ ಮತ್ತು ಸ್ಟಿಗ್ಮಾಸ್ಟೆರಾಲ್. ಮೂರಕ್ಕೂ ಉಂಗುರದ ಭಾಗ ಒಂದೇ ಆದ್ದರಿಂದ ಮೂರೂ ಎಡಿಗೇ ಬಂದು ಸೇರುತ್ತವೆ. ಸ್ಟಿಗ್ಮಾಸ್ಟೆರಾಲಿನ ಸರಪಳಿಯಲ್ಲಿ ಒಂದು ಜೋಡಿಬಂಧ ಜಾಸ್ತಿ ಇರುವುದರಿಂದ ಕೆಲವು ಬ್ಯಾಕ್ಟೀರಿಯಾ ತಳಿಗಳು ಅದನ್ನು ಕೊನೆಗೆ ಉಳಿಸಿಕೊಳ್ಳುತ್ತವೆ, ಅಷ್ಟೆ. ಶುದ್ಧತೆಯ ಬಗ್ಗೆ ತಕರಾರಿಲ್ಲ. ತಕರಾರು ಕಣದ ಗಾತ್ರದ ಬಗ್ಗೆ, ಅದನ್ನು ಚೀಟಿಯಲ್ಲಿ ಯಾರೂ ಬರೆಯುವುದಿಲ್ಲ. ಸ್ಟೆರಾಲ್ ನೀರಲ್ಲಿ ಕರಗದ ವಸ್ತು, ಬ್ಯಾಕ್ಟೀರಿಯಾ ಕಣದ ಮೇಲ್ಮೈಗೆ ಅಂಟಿಕೊಂಡೇ ತಿನ್ನಬೇಕು. ಕಣ ದಪ್ಪವಿದ್ದಷ್ಟೂ ದಿನ ಎಳೆಯುತ್ತದೆ. ಈ ಜೀವಿಯ ಬ್ಯಾಚ್ ಹೇಗೂ ಐದಾರು ದಿನ ನಡೆಯುವಂಥದ್ದು, ಇನ್ನೆರಡು ದಿನ ಎಳೆದರೆ ಬ್ಯಾಸಿಲಸ್‌ನಂಥ ಬೇಡದ ಬ್ಯಾಕ್ಟೀರಿಯಾ ನುಗ್ಗುವ ಸಂಭವ ಜಾಸ್ತಿ.

ಪುಡಿಯನ್ನು ಹಾಗೇ ಮಾಧ್ಯಮಕ್ಕೆ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ) ಸುರಿದು ಆಟೊಕ್ಲೇವ್ ಮಾಡಬೇಡಿ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಬೇಡಿ. ಕರಗುವ ಬಿಂದು 130ರಿಂದ 140 ಡಿಗ್ರಿ. 121ರಲ್ಲಿ ಪೂರ್ತಿ ಕರಗದೆ ಮೆತ್ತಗಾಗಿ, ಮುದ್ದೆಕಟ್ಟಿ, ಫ್ಲಾಸ್ಕಿನ ಗೋಡೆಗೆ ಮೆತ್ತಿಕೊಳ್ಳುತ್ತದೆ. 100 ಮಿ.ಲೀ. ನೀರಿಗೆ 10 ಗ್ರಾಂ ಪುಡಿ, 1 ಗ್ರಾಂ ಟ್ವೀನ್ 80 (ಎಮಲ್ಸಿಫೈಯರ್) ಹಾಕಿ, 80 ಡಿಗ್ರಿಯಲ್ಲಿ ಹತ್ತು ನಿಮಿಷ ಹೋಮೊಜನೈಸರ್ ಓಡಿಸಿ, ಆ ಹಾಲಿನಂಥ ದ್ರವವನ್ನು ಬೇರೆಯಾಗಿ ಸ್ಟೆರಿಲೈಸ್ ಮಾಡಿ, ಆರುವ ಮುಂಚೆ ಮತ್ತೊಮ್ಮೆ ಚೆನ್ನಾಗಿ ಕದಡಿ ಸೇರಿಸಿ. ಟ್ವೀನ್ ಜಾಸ್ತಿಯಾದರೆ ನೊರೆ ಉಕ್ಕುತ್ತದೆ, ಸ್ಟೆರಾಲ್ ನೊರೆಯ ಜೊತೆ ಮೇಲೆ ಹತ್ತಿ ಗೋಡೆಯಲ್ಲಿ ಉಂಗುರದಂತೆ ಒಣಗಿ ಕೂರುತ್ತದೆ. ಸ್ಟೆರಾಲ್ ನೀರಲ್ಲಿ ಕರಗಲು ನೆರವಾಗುವ ಸೈಕ್ಲೊಡೆಕ್ಸ್‌ಟ್ರಿನ್ ಹಾಕಿದರೆ ವೇಗ ಎದ್ದು ಕಾಣುವಷ್ಟು ಹೆಚ್ಚುತ್ತದೆ, ಬಿಲ್ಲೂ ಅಷ್ಟೇ. ಸೋಯಾ ಎಣ್ಣೆಯಲ್ಲಿ ಕರಗಿಸಿ ಹಾಕುವ ದಾರಿ ಅಗ್ಗ, ಆದರೆ ಕೊನೆಗೆ ಎಡಿಯನ್ನು ಎಣ್ಣೆಯಿಂದ ಬಿಡಿಸುವ ತಲೆನೋವು ನಿಮ್ಮದೇ.

ಪೈನ್ ಪುಡಿ. ಪೈನ್ ಮರದಿಂದ ಕಾಗದದ ತಿರುಳು ಮಾಡುವಾಗ ಉಳಿಯುವ ಟಾಲ್ ಆಯಿಲ್‌ನಿಂದ ಬಂದದ್ದು. ಇದರಲ್ಲಿ ಸಿಟೊಸ್ಟೆರಾಲ್ ಪಾಲು ಸೋಯಾಗಿಂತ ಹೆಚ್ಚು, ಹಾಗಾಗಿ ನೋಡಿದ ಕೂಡಲೇ ಇದೇ ಮೇಲು ಅನ್ನಿಸುತ್ತದೆ. ಆದರೆ ಜೊತೆಗೆ ಸಿಟೊಸ್ಟನಾಲ್ ಬರುತ್ತದೆ. ಅದರ ಉಂಗುರದಲ್ಲಿ ಜೋಡಿಬಂಧವೇ ಇಲ್ಲ. ಡೀಲರು ಕೊಡುವ ವಿಶ್ಲೇಷಣಾ ಪತ್ರದಲ್ಲಿ ‘ಒಟ್ಟು ಸ್ಟೆರಾಲ್ ಶೇ. 95’ ಎಂಬ ಸಾಲಿನಲ್ಲಿ ಇದೂ ಸೇರಿಕೊಂಡಿರುತ್ತದೆ. ಎಡಿ ಹರಳು ಕಟ್ಟಿಸುವಾಗ ಇದರಿಂದ ಹುಟ್ಟಿದ ಕಲ್ಮಶ ಬಿಡದೆ ಕಾಡುತ್ತದೆ. ಒಂದೊಂದು ಸ್ಟೆರಾಲಿಗೂ ಪ್ರತ್ಯೇಕ ಅಂಕಿ ಇರುವ ಜಿಸಿ (ಗ್ಯಾಸ್ ಕ್ರೊಮ್ಯಾಟೊಗ್ರಫಿ) ವರದಿ ಕೇಳಿ, ಕೊಡದಿದ್ದರೆ ಬಿಡಿ.

ಕಾಗದ ಕಾರ್ಖಾನೆ ಎಂದಾಗ ಇನ್ನೊಂದು ಮಾತು. ಅಮೆರಿಕದ ಫ್ಲೋರಿಡಾದಲ್ಲಿ ಇಂಥ ಕಾರ್ಖಾನೆಗಳ ತ್ಯಾಜ್ಯ ಸೇರುವ ಹೊಳೆಗಳಲ್ಲಿ ಹೆಣ್ಣು ಗ್ಯಾಂಬೂಸಿಯಾ ಮೀನುಗಳಿಗೆ ಗಂಡಿನ ಲಕ್ಷಣ ಬಂದದ್ದು ಬೆಳಕಿಗೆ ಬಂತು. ಫೆನ್‌ಹಾಲೊವೇ ನದಿಯ ನೀರಲ್ಲಿ ಎಡಿಯೂ ಸಿಕ್ಕಿತು; ಎಡಿ ಗಂಡು ಹಾರ್ಮೋನುಗಳ ಗುಂಪಿನದು. ನಮ್ಮ ಕೆರೆಗಳಿಗೆ ಸೊಳ್ಳೆ ಮರಿ ತಿನ್ನಲೆಂದು ಬಿಡುವುದೂ ಇದೇ ಗ್ಯಾಂಬೂಸಿಯಾ ಕುಲದ ಮೀನು. ಬ್ಯಾಚ್ ಮುಗಿದ ನೀರನ್ನು ಸಿಂಕಿಗೆ ಬಿಡುವಂತಿಲ್ಲ. ಜೀವಕೋಶ ಕೊಲ್ಲಲು ಆಟೊಕ್ಲೇವ್ ಸಾಕು, ಎಡಿ ಅದರಿಂದ ನಾಶವಾಗುವುದಿಲ್ಲ. ದ್ರಾವಕದಿಂದ ಎಡಿ ತೆಗೆದ ಮೇಲೂ ಆ ನೀರನ್ನು ಔಷಧ ತ್ಯಾಜ್ಯವೆಂದೇ ವಿಲೇವಾರಿಗೆ ಕೊಡಿ.

‘ನೀರಲ್ಲಿ ಬೆರೆಯುವ’ ಪುಡಿಗೆ ಹೆಚ್ಚು ಮಾತು ಬೇಡ. ಮಾಲ್ಟೊಡೆಕ್ಸ್‌ಟ್ರಿನ್, ಗೋಂದು, ಎಮಲ್ಸಿಫೈಯರ್ ಸೇರಿಸಿ ಮಾಡಿದ್ದು. ಕಷಾಯಕ್ಕೆ ಕದಡಲು ಚೆಂದ, ಫರ್ಮೆಂಟರ್‌ಗೆ ಹಾಕಿದರೆ ನೊರೆಯೋ ನೊರೆ. ನೀವು ತೂಕ ಹಾಕುತ್ತಿರುವುದು ಸ್ಟೆರಾಲ್ ಅಲ್ಲ, ಪಿಷ್ಟ. ಎಸ್ಟರ್ ರೂಪದ್ದನ್ನು (ಕೊಬ್ಬಿನಾಮ್ಲದ ಜೊತೆ ಬೆಸೆದ ಸ್ಟೆರಾಲ್) ಕೇಳದೆಯೇ ಕಳಿಸಿದರೆ ವಾಪಸು ಮಾಡಿ.

ಇಂಗಾಲದ ಮೂಲಕ್ಕೆ ಮಂಡ್ಯದ ಬೆಲ್ಲ ಹಾಕಿ ದುಡ್ಡು ಉಳಿಸುವ ಆಸೆ ಹಲವರಿಗಿದೆ. ಆಲೆಮನೆಯಲ್ಲಿ ರಸ ತಿಳಿಮಾಡಲು ಹಾಕುವ ಸುಣ್ಣದ ಕ್ಯಾಲ್ಸಿಯಂ ಮಾಧ್ಯಮದ ಫಾಸ್ಫೇಟ್ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಒಂದೊಂದು ಅಚ್ಚಿನ ಬೆಲ್ಲಕ್ಕೂ ಒಂದೊಂದು ಫಲ. ಪುಡಿಗಳನ್ನು ಹೋಲಿಸುವಾಗ ಗ್ಲೂಕೋಸ್‌ಗೇ ಅಂಟಿಕೊಳ್ಳಿ. ಏಪ್ರಿಲ್‌ನಲ್ಲಿ ಕೂಲಿಂಗ್ ಇಲ್ಲದ ಶೇಕರ್ (ಫ್ಲಾಸ್ಕ್ ಅಲುಗಾಡಿಸುವ ಯಂತ್ರ) ಬ್ಯಾಚಿಗೆ ಬೇಕಾದ 30 ಡಿಗ್ರಿಯಲ್ಲಿ ನಿಲ್ಲುವುದೂ ಇಲ್ಲ.

ಫಲಿತಾಂಶ ಓದುವಾಗಿನ ಮೋಸ ಒಂದಿದೆ. ಎಡಿ 254 ನ್ಯಾನೊಮೀಟರ್‌ನ ನೇರಳಾತೀತ ಬೆಳಕಿನಲ್ಲಿ ಕಾಣುತ್ತದೆ, ಸ್ಟೆರಾಲ್ ಕಾಣುವುದಿಲ್ಲ. ಎಚ್‌ಪಿಎಲ್‌ಸಿ (ದ್ರವದಲ್ಲಿನ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಚಿತ್ರದಲ್ಲಿ ಎಡಿ ಒಂದೇ ನಿಂತಿದ್ದರೆ ಎಲ್ಲ ಸ್ಟೆರಾಲೂ ಮುಗಿಯಿತು ಎಂದಲ್ಲ. ಟಿಎಲ್‌ಸಿ (ತೆಳು ಪದರದ ಕ್ರೊಮ್ಯಾಟೊಗ್ರಫಿ) ತಟ್ಟೆಗೆ ಶೇ. 20 ಸಲ್ಫ್ಯೂರಿಕ್ ಆಮ್ಲ ಸಿಂಪಡಿಸಿ 105 ಡಿಗ್ರಿಯಲ್ಲಿ ಕಾಯಿಸಿ, ಉಳಿದ ಸ್ಟೆರಾಲ್ ಬಣ್ಣ ಬಿಟ್ಟು ಎದ್ದು ಬರುತ್ತದೆ. ಪಿಪೆಟ್ಟಿನಲ್ಲಿ 1 ಮಿ.ಲೀ. ಎತ್ತಿ ಅಳೆಯುವುದೂ ಬೇಡ, ಕಣಗಳು ಸಮನಾಗಿ ಹರಡಿರುವುದಿಲ್ಲ. ಗೋಡೆ ಸಮೇತ ಇಡೀ ಫ್ಲಾಸ್ಕನ್ನು ಇಥೈಲ್ ಅಸಿಟೇಟ್‌ನಿಂದ ತೊಳೆದು ತೆಗೆಯಿರಿ. ಎಡಿಯ ಪಕ್ಕದಲ್ಲೇ ಎಡಿಡಿ (ಎಡಿಗಿಂತ ಒಂದು ಜೋಡಿಬಂಧ ಜಾಸ್ತಿ ಇರುವ ವಸ್ತು) ಕಲೆ ಬಂದರೆ ಪುಡಿಯನ್ನು ಬೈಯಬೇಡಿ, ಅದು ತಳಿಯ ಗುಣ. 1972ರಲ್ಲಿ ಪ್ರಕಟವಾದ, ಅಮೆರಿಕದ ಎನ್‌ಆರ್‌ಆರ್‌ಎಲ್ ಸೂಕ್ಷ್ಮಜೀವಿ ಸಂಗ್ರಹದ ಬಿ-3683 ತಳಿ ಎಡಿಡಿಯತ್ತ ವಾಲುತ್ತದೆ, ಬಿ-3805 ಎಡಿಯತ್ತ.

25 ಕಿಲೋ ಚೀಲಕ್ಕೆ ಆರ್ಡರ್ ಕೊಡುವ ಮುನ್ನ ಅದೇ ಬ್ಯಾಚಿನ 100 ಗ್ರಾಂ ಮಾದರಿ ತರಿಸಿ, ಜರಡಿ ಹಿಡಿದು, ಒಂದು ಫ್ಲಾಸ್ಕ್ ಓಡಿಸಿ ನೋಡಿ. ಮಾದರಿಯ ಬ್ಯಾಚ್ ಸಂಖ್ಯೆಯೂ ಚೀಲದ ಸಂಖ್ಯೆಯೂ ಒಂದೇ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.