ಮೂರು ಬೇಸಿಗೆ ಕಳೆದ ಮೇಲೆ ಮೊಬೈಲ್ ಸ್ಟಾರ್ಟರ್ ಬಗ್ಗೆ

"ಮೋಟರ್ ಆಫ್ ಆಗಿದೆ. ಬೋರ್‌ನಲ್ಲಿ ನೀರಿಲ್ಲ."

ಈ ದನಿ ಕೇಳಿದರೆ ಈಗಲೂ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಮಾತಾಡುವವಳು ಮನುಷ್ಯಳಲ್ಲ. ಗುಬ್ಬಿ ಹತ್ತಿರ ನಮ್ಮ ತೋಟದ ಪಂಪ್‌ಹೌಸ್ ಗೋಡೆಗೆ ಹೊಡೆದಿರುವ ಒಂದು ಡಬ್ಬಿ, ಮೊಬೈಲ್ ಸ್ಟಾರ್ಟರ್. 2023ರ ಜನವರಿಯಲ್ಲಿ ಫಿಟ್ಟಿಂಗ್ ಸೇರಿ 6,800 ರೂಪಾಯಿ ಕೊಟ್ಟು ಹಾಕಿಸಿದ್ದು. ಏನೇನು ಮಾಡುತ್ತದೆ ಅಂತ ಪಂಪ್‌ಸೆಟ್ ಇರುವವರಿಗೆ ಹೇಳಬೇಕಾಗಿಲ್ಲ. ಒಳಗೆ ಸಿಮ್ ಇರುತ್ತದೆ, ಫೋನ್ ಮಾಡಿದರೆ ಮೋಟರ್ ಆನ್, ಇನ್ನೊಮ್ಮೆ ಮಾಡಿದರೆ ಆಫ್. ಇದೇನು ನಿನ್ನೆ ಮೊನ್ನೆ ಬಂದದ್ದಲ್ಲ. ಪುಣೆಯ ಸಂತೋಷ್ ಓಸ್ತ್ವಾಲ್ ಅವರ ನ್ಯಾನೋ ಗಣೇಶ್ 2009ರಲ್ಲೇ ನೋಕಿಯಾ ಸ್ಪರ್ಧೆಯಲ್ಲಿ ಬಹುಮಾನ ತಗೊಂಡಿತ್ತು. ನಮ್ಮದು ಅದಲ್ಲ, ಬೇರೆ ಕಂಪನಿಯದು. ಹೆಸರು ಬೇಡ ಬಿಡಿ, ಮುಂದೆ ಬೈಯುವುದಿದೆ.

ನಾನಿರುವುದು ತುಮಕೂರಿನಲ್ಲಿ. ಅಪ್ಪ ಅಮ್ಮ ಊರಲ್ಲಿ. ಮೊದಲು ರಾತ್ರಿ ಪಾಳಿಯಲ್ಲಿ ತ್ರೀ ಫೇಸ್, ಅಂದರೆ ಪಂಪ್ ಓಡಿಸುವ ಕರೆಂಟ್ ಬಂದರೆ ಮೋಟರ್ ಹಾಕಲು ಅಪ್ಪ ಗಮ್‌ಬೂಟ್ ಹಾಕಿಕೊಂಡು, ಬ್ಯಾಟರಿ ದೊಣ್ಣೆ ಹಿಡಿದು, ಒಂದು ಕಿಲೋಮೀಟರ್ ನಡೆದು ಹೋಗುತ್ತಿದ್ದರು. ಹಾವಿನ ಜೊತೆ ಚಿರತೆ ಭಯ ಬೇರೆ. 'ಆಟೋ' ಹಾಕಿ ಮಲಗಬಹುದಿತ್ತು. ಆದರೆ ಎಲ್ಲರೂ ಆಟೋ ಹಾಕಿದರೆ ಕರೆಂಟ್ ಬಂದ ಕ್ಷಣ ಅಷ್ಟೂ ಮೋಟರ್ ಒಟ್ಟಿಗೆ ಎದ್ದು ಟಿಸಿ (ಟ್ರಾನ್ಸ್‌ಫಾರ್ಮರ್) ಸುಡುತ್ತದೆ. ಆಮೇಲೆ ಹದಿನೈದು ದಿನ ಲೈನ್‌ಮನ್ ಹಿಂದೆ ಅಲೆಯಬೇಕು.

ಈಗ ರಾತ್ರಿ ಒಂದು ಗಂಟೆಗೆ ನನ್ನ ಫೋನ್ ಬಡಿದುಕೊಳ್ಳುತ್ತದೆ. "ತ್ರೀ ಫೇಸ್ ಬಂದಿದೆ." ಕಣ್ಣು ಬಿಡದೆ ಒಂದು ಒತ್ತುತ್ತೇನೆ. "ಮೋಟರ್ ಆನ್ ಆಗಿದೆ." ಮಗ್ಗುಲಾಗುತ್ತೇನೆ. ಎರಡನೇ ನಂಬರ್ ಅಪ್ಪನದು. ನಾನು ಎತ್ತದಿದ್ದರೆ ಅಲ್ಲಿಗೆ ಹೋಗುತ್ತದೆ. ಅಪ್ಪ ಅದಕ್ಕೆ ಉತ್ತರ ಕೊಡುತ್ತಾರೆ. "ಆಯ್ತಮ್ಮ, ಇಡು." ಮಷೀನು ಕಣಪ್ಪ ಅದು ಅಂದರೆ, "ಇರ್ಲಿ, ನಿದ್ದೆಗೆಟ್ಟು ಫೋನ್ ಮಾಡುತ್ತಲ್ಲ" ಅನ್ನುತ್ತಾರೆ.

ತೊಂದರೆ ಇಲ್ಲ ಅಂತಲ್ಲ. ಡಬ್ಬಿಗೆ 2ಜಿ ಸಿಮ್ಮೇ ಆಗಬೇಕು, 4ಜಿ ಮಾತ್ರ ಇರುವ ಸಿಮ್ ಹಾಕಿದರೆ ಸುಮ್ನೆ ಕೂರುತ್ತದೆ. ರೀಚಾರ್ಜ್ ಮರೆತರೆ ಮೋಟರ್ ಮೂಕ. ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಬೇರೆ ಪ್ಯಾಕ್ ಕೊಡಿ ಅಂತ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಮೊಬೈಲ್ ಕಂಪನಿಗಳಿಗೆ ಹೇಳಿದ್ದು 2024ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ನಮ್ಮ ಪಂಪ್‌ಹೌಸ್‌ಗೂ ಡೇಟಾ ಇತ್ತು, ಯಾರು ನೋಡುತ್ತಿದ್ದರೋ! ಇರುವೆ ಕಾಟ ಇನ್ನೊಂದು. ಕಾಂಟ್ಯಾಕ್ಟ್ ಮಧ್ಯೆ ಸೇರಿ ಸುಟ್ಟುಕೊಳ್ಳುತ್ತವೆ. ಡಬ್ಬಿಯೊಳಗೆ ನಾಲ್ಕು ನುಸಿಗುಳಿಗೆ ಹಾಕಿದ ಮೇಲೆ ಕಡಿಮೆಯಾಗಿದೆ.

ನನ್ನ ಸಿಟ್ಟೆಲ್ಲ ಆ 'ನೀರಿಲ್ಲ' ಅನ್ನುವ ಮಾತಿನ ಮೇಲೆ.

2024ರ ಮಾರ್ಚ್. ಹಿಂದಿನ ವರ್ಷ ಮಳೆ ಕೈಕೊಟ್ಟು, ರಾಜ್ಯದಲ್ಲಿ 223 ತಾಲ್ಲೂಕು ಬರ ಅಂತ ಘೋಷಣೆಯಾಗಿತ್ತು. ಅಕ್ಕಪಕ್ಕದ ತೋಟದವರ ಬೋರ್ ಒಂದೊಂದೇ ನಿಲ್ಲುತ್ತಿದ್ದವು. ಒಂದು ರಾತ್ರಿ ಮೋಟರ್ ಆನ್ ಮಾಡಿದೆ. ಹತ್ತು ಸೆಕೆಂಡೂ ಇಲ್ಲ, ಫೋನ್ ಬಂತು. ನೀರಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಹಾಕಿದೆ. ನೀರಿಲ್ಲ. ಆಮೇಲೆ ಎಲ್ಲಿಯ ನಿದ್ದೆ? ಹೊಸ ಬೋರ್ ಅಂದರೆ ಎಷ್ಟು ಅಡಿ, ಕೇಸಿಂಗ್ ಎಷ್ಟು, ಯಾರ ಹತ್ತಿರ ಕೈಗಡ ಕೇಳೋದು ಅಂತ ಬೆಳಗಿನವರೆಗೆ ಲೆಕ್ಕ ಹಾಕಿದೆ. ಹೊಸ ಬೋರ್‌ನಲ್ಲಿ ನೀರು ಬಿದ್ದೇ ಬೀಳುತ್ತೆ ಅಂತೇನೂ ಇಲ್ಲವಲ್ಲ. ಅಪ್ಪನಿಗೆ ಹೇಗೆ ಹೇಳಲಿ ಅನ್ನೋದೇ ದೊಡ್ಡ ಚಿಂತೆ.

ಬೈಕ್ ಹತ್ತಿ ಏಳು ಗಂಟೆಗೆ ತೋಟಕ್ಕೆ ಹೋದರೆ ಅಪ್ಪ ಆಗಲೇ ಬೋರ್ ಹತ್ತಿರ ನಿಂತಿದ್ದಾರೆ. ಕೈಯಲ್ಲಿ ಕೇಬಲ್‌ನ ಒಂದು ಗೇಣು ತುಂಡು. ಮುಖದಲ್ಲಿ ನಗು!

"ಕಳ್ಳರು ಕೇಬಲ್ ಕತ್ತರಿಸ್ಕೊಂಡು ಹೋಗವ್ರೆ ಕಣೋ. ನೀರೈತೆ."

ಕಳ್ಳತನ ಆಗಿದೆ ಅಂತ ಖುಷಿಪಟ್ಟವರು ನಾವಿಬ್ಬರೇ ಇರಬೇಕು.

ಕಂಪನಿಗೆ ಫೋನ್ ಮಾಡಿ ಕೂಗಾಡಿದೆ. ಆ ಹುಡುಗ ತಾಳ್ಮೆಯಿಂದ ಹೇಳಿದ: ಬೋರ್ ಒಳಗೆ ಇದಕ್ಕೆ ಕಣ್ಣಿಲ್ಲ ಸಾರ್, ನೋಡೋದು ಮೋಟರ್ ಎಳೆಯುವ ಕರೆಂಟ್, ಅಂದರೆ ಆಂಪ್ಸ್ ಮಾತ್ರ. ನೀರು ಇಳಿದರೆ ಪಂಪ್ ಎತ್ತುವ ಭಾರ ಕಡಿಮೆಯಾಗುತ್ತೆ, ಆಂಪ್ಸ್ ಬೀಳುತ್ತೆ. ಸೆಟ್ ಮಾಡಿದ್ದಕ್ಕಿಂತ ಕೆಳಗೆ ಬಂದರೆ ಡ್ರೈ ರನ್, ಅಂದರೆ ನೀರಿಲ್ಲದೆ ಓಡ್ತಿದೆ ಅಂತ ನಿಲ್ಲಿಸುತ್ತೆ. ಕೇಬಲ್ಲೇ ಇಲ್ಲ ಅಂದರೂ ಕಡಿಮೆ ತಾನೇ?

ಸರಿ. ಆದರೆ ಸೊನ್ನೆ ಆಂಪ್ಸ್‌ಗೂ ನಮ್ಮಲ್ಲಿ ಸೆಟ್ ಮಾಡಿರುವ ಒಂಬತ್ತಕ್ಕೂ ವ್ಯತ್ಯಾಸ ಇಲ್ವಾ? ಸೊನ್ನೆ ಬಂದಾಗ "ಕೇಬಲ್ ನೋಡಿ" ಅಂತ ಇನ್ನೊಂದು ವಾಕ್ಯ ಆ ಹೆಣ್ಣುಮಗಳ ಬಾಯಲ್ಲಿ ಹೇಳಿಸೋಕೆ ಎಷ್ಟು ಖರ್ಚು? ಡಬ್ಬಿ ಫೋನ್ ಜೊತೆ ಕಳಿಸುವ ಎಸ್‌ಎಂಎಸ್ ತೆಗೆದು ನೋಡಿದರೆ ಆ ರಾತ್ರಿಯ ಮೂರೂ ಫೇಸ್‌ನ ಆಂಪ್ಸ್ ಅದರಲ್ಲೇ ಇತ್ತು. 0, 0, 0. ನಾನು ಓದಿರಲಿಲ್ಲ. ಮಾತು ಕೇಳಿಯೇ ಕುಸಿದಿದ್ದೆ.

ಅಲ್ಲಿಂದ ಎಸ್‌ಎಂಎಸ್ ಓದುವ ಚಟ ಹತ್ತಿತು. ನಮ್ಮದು ಏಳೂವರೆ ಎಚ್‌ಪಿ ಮೋಟರ್. ನೀರು ಚೆನ್ನಾಗಿದ್ದರೆ 14 ಆಂಪ್ಸ್ ಸುತ್ತ ಓಡುತ್ತದೆ. ನೀರು ಇಳಿಯುತ್ತಾ 12, 11. ಒಂಬತ್ತಕ್ಕೆ ಬಂದರೆ ಟ್ರಿಪ್, ಮೋಟರ್ ತಾನೇ ನಿಲ್ಲುತ್ತದೆ. ಆನ್ ಆದದ್ದು ಎಷ್ಟಕ್ಕೆ, ಟ್ರಿಪ್ ಆದದ್ದು ಎಷ್ಟಕ್ಕೆ ಅಂತ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯತೊಡಗಿದೆ. ಆ ಏಪ್ರಿಲ್ ಕೊನೆಗೆ 35 ನಿಮಿಷ ಓಡಿದರೆ ಹೆಚ್ಚು. ಅಷ್ಟು ಹೊತ್ತು ಓಡಿಸಿ, ಎರಡು ಗಂಟೆ ಬಿಟ್ಟು, ಮತ್ತೆ ಅಷ್ಟೇ. ಅಡಿಕೆಗೆ ಮಾತ್ರ ಡ್ರಿಪ್ ಬಿಟ್ಟೆವು, ತೆಂಗು ತಡೆದುಕೊಂಡಿತು. ಮಳೆ ಹಿಡಿದ ಮೇಲೆ ಜುಲೈನಲ್ಲಿ 50, ಆಮೇಲೆ 80, ದೀಪಾವಳಿ ಹೊತ್ತಿಗೆ ಪಾಳಿ ಮುಗಿಯುವವರೆಗೂ ನಿಲ್ಲಲಿಲ್ಲ. ಕಾಣದ ನೀರು ಹೀಗೆ ಪುಸ್ತಕದಲ್ಲಿ ಏರುತ್ತಿದ್ದರೆ ಬ್ಯಾಂಕ್ ಪಾಸ್‌ಬುಕ್‌ಗಿಂತ ಹಿತ. ನಡೆದಾಟ ತಪ್ಪಲಿ ಅಂತ ತಂದದ್ದು ನೀರಿನ ಅಳತೆಗೋಲಾಯಿತು. ಇದನ್ನು ಡಬ್ಬಿ ಮೇಲೆ ಎಲ್ಲೂ ಬರೆದಿಲ್ಲ.

ಹಾಕಿಸುವುದಾದರೆ ಹಾಕಿಸಿ. ಐದರಲ್ಲಿ ಮೂರೂವರೆ ಕೊಡುತ್ತೇನೆ, ಉಳಿದದ್ದು ಆ ರಾತ್ರಿಗೆ ಕಳೆದದ್ದು. ಫಿಟ್ಟರ್ ಸುಮ್ನೆ ಒಂದು ನಂಬರ್ ಒತ್ತಿ ಹೋಗಲು ಬಿಡಬೇಡಿ. ನೀರು ತುಂಬಿದ್ದಾಗ ಮೋಟರ್ ಹಾಕಿಸಿ, ಎಷ್ಟು ಆಂಪ್ಸ್ ತಗೊಳ್ಳುತ್ತೆ ಅಂತ ಎದುರಿಗೇ ನೋಡಿ ಡ್ರೈ ರನ್ ಸೆಟ್ ಮಾಡಿಸಿ.

ಮೊನ್ನೆ ರಾತ್ರಿ ಮತ್ತೆ ನೀರಿಲ್ಲ ಅಂದಳು. ಅಪ್ಪನಿಗೆ ಫೋನ್ ಮಾಡಿದೆ. ಗಾಬರಿಯಿಲ್ಲ, ಏನಿಲ್ಲ. ಒಂದೇ ಪ್ರಶ್ನೆ.

"ಸೊನ್ನೆನಾ, ಒಂಬತ್ತಾ?"