ಆಲ್ಫಾ ಸ್ಪೈಡರ್ ಕೊಳ್ಳೋದಾ, ಫಿಯಾಟ್ 124 ಸ್ಪೈಡರ್ ಕೊಳ್ಳೋದಾ?

ಎರಡೂ ಇಟಲಿಯ ಹಳೆಯ ತೆರೆದ ಕಾರುಗಳು. ಎರಡೂ 1966ರಲ್ಲಿ ಬಂದವು, ಎರಡರ ಮೈಕಟ್ಟೂ ಇಟಲಿಯ ಕಾರು ವಿನ್ಯಾಸ ಸಂಸ್ಥೆ ಪಿನಿನ್‌ಫರಿನಾದ್ದೇ. ಬೆಲೆಯಲ್ಲಿ ಮಾತ್ರ ಆಲ್ಫಾ ಮುಂದೆ. ಅದರಲ್ಲೂ 1969ರವರೆಗಿನ ದುಂಡು ಬಾಲದ ಆಲ್ಫಾಕ್ಕೆ, ಅಂದರೆ ಡ್ಯುಯೆಟ್ಟೊಗೆ, ರೇಟು ಬಹಳ ಜಾಸ್ತಿ. ಆಮೇಲಿನ ಚಪ್ಪಟೆ ಬಾಲದವು ಅಷ್ಟು ದುಬಾರಿಯಲ್ಲ.

ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ದಂಡ) ತಿರುಗಿಸೋಕೆ ಆಲ್ಫಾಕ್ಕೆ ಚೈನ್, ಫಿಯಾಟ್‌ಗೆ ರಬ್ಬರ್ ಬೆಲ್ಟ್. ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಕೇಳದೆ ದುಡ್ಡು ಕೊಡಬೇಡಿ.

ಬೆಳಗಾವಿಯಲ್ಲಿದ್ದರೆ ಸಣ್ಣ ರಿಪೇರಿಗೆ ಹೆದರಬೇಕಿಲ್ಲ. ಬುಶ್ (ಕೀಲುಗಳಲ್ಲಿ ಕೂರಿಸುವ ಬಳೆ) ಸವೆದರೆ ನಮ್ಮ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿ ಲೇತ್ ಇದೆ ಅಲ್ವಾ! ನಿಜವಾದ ಶತ್ರು ನಮ್ಮ ಮಳೆ. ಬಾಗಿಲ ಕೆಳಗಿನ ತಗಡನ್ನು ಹೆಬ್ಬೆರಳಿಂದ ಒತ್ತಿ ನೋಡಿ. ಬಣ್ಣ ಉಬ್ಬಿ, ಕೆಂಪು ಪುಡಿ ಉದುರಿದರೆ ಎಷ್ಟೇ ಅಗ್ಗವಾದರೂ ಬೇಡ.

ನನ್ನ ಮನಸ್ಸು ಫಿಯಾಟ್ ಕಡೆಗೇ. ಅದರ ಸ್ಟೀರಿಂಗ್ ಎಡಕ್ಕೆ ಮಾತ್ರ ಬರುತ್ತಿತ್ತು, ಅದಕ್ಕೊಂದು ಒಗ್ಗಿಕೊಳ್ಳಬೇಕು.