ಹೋಲೋಗ್ರಾಫಿಕ್ ಸೈಟ್ ಜೊತೆ ಐರನ್ ಸೈಟ್: ಎತ್ತರ ಯಾವುದಿರಲಿ?

ಎಆರ್-15 ರೈಫಲ್‌ಗೆ ಇಯೋಟೆಕ್ ಕಂಪನಿಯ ಹೋಲೋಗ್ರಾಫಿಕ್ ಸೈಟ್ (ಗಾಜಿನಲ್ಲಿ ಹೊಳೆಯುವ ಚುಕ್ಕೆ ತೋರಿಸಿ ಗುರಿ ಹಿಡಿಸುವ ಸಾಧನ) ಕೊಳ್ಳುವವರು ಮೊದಲು ಎತ್ತರ ನೋಡಬೇಕು. ಅದರ ಎಕ್ಸ್‌ಪಿಎಸ್ ಮಾದರಿಯಲ್ಲಿ ಐರನ್ ಸೈಟ್ (ರೈಫಲ್ ಮೇಲಿನ ಸಾದಾ ಗುರಿ ಸಾಧನ) ಗಾಜಿನ ನಡುಮಧ್ಯದ ಹತ್ತಿರ ಕಾಣುತ್ತದೆ. ಇಎಕ್ಸ್‌ಪಿಎಸ್ ಮಾದರಿ ಅದಕ್ಕಿಂತ ಸುಮಾರು 7 ಮಿ.ಮೀ. ಎತ್ತರ, ಹಾಗಾಗಿ ಐರನ್ ಸೈಟ್ ಗಾಜಿನ ಕೆಳಭಾಗಕ್ಕೆ ಇಳಿಯುತ್ತದೆ.

ಮಡಚುವ ಐರನ್ ಸೈಟ್ ಇದ್ದರೆ ಎಕ್ಸ್‌ಪಿಎಸ್ ಸಾಕು. ಬೇಡದಾಗ ಮಡಚಿಟ್ಟರೆ ಏನೂ ಅಡ್ಡ ಬರುವುದಿಲ್ಲ. ಮುಂದಿನ ಪೋಸ್ಟ್ (ಐರನ್ ಸೈಟ್‌ನ ಮುಂಭಾಗದ ಕಡ್ಡಿ) ಖಾಯಂ ಆಗಿ ನಿಂತಿದ್ದರೆ ನನ್ನ ಆಯ್ಕೆ ಇಎಕ್ಸ್‌ಪಿಎಸ್. ತಲೆಯೂ ನೇರವಾಗಿರುತ್ತದೆ, ಕತ್ತಿಗೆ ಎಷ್ಟೋ ಆರಾಮ.

ಝೀರೋ ಮಾಡುವಾಗ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸೈಟ್ ಹೊಂದಿಸುವಾಗ, ಎರಡಕ್ಕೂ ಕ್ರಮ ಒಂದೇ. ಮೊದಲು ಐರನ್ ಸೈಟ್ ಅನ್ನು ಗುಂಡು ಹಾರಿಸಿ ಝೀರೋ ಮಾಡಿ. ಆಮೇಲೆ ಅದರ ಮೂಲಕವೇ ನೋಡುತ್ತಾ ಚುಕ್ಕೆಯನ್ನು ಪೋಸ್ಟ್ ತುದಿಗೆ ತನ್ನಿ. ಇಎಕ್ಸ್‌ಪಿಎಸ್‌ನಲ್ಲಿ ತಲೆ ಎತ್ತಿದ ಕೂಡಲೇ ಚುಕ್ಕೆ ಪೋಸ್ಟ್‌ಗಿಂತ ಮೇಲೆ ತೇಲುತ್ತದೆ. ಅದು ಸರಿಯೇ! ಕೆಳಗಿಳಿಸಲು ಸುಮ್ನೆ ಸ್ಕ್ರೂ ತಿರುಗಿಸಬೇಡಿ, ಝೀರೋ ಕೆಡುತ್ತದೆ.

ಇಷ್ಟಕ್ಕೇ ನಿಲ್ಲಿಸುವವರು ಜಾಸ್ತಿ. ಆದರೆ ಇದು ಅಂದಾಜು ಮಾತ್ರ. 50 ಗಜದಲ್ಲಿ, ಐರನ್ ಸೈಟ್ ಮರೆತು, ಚುಕ್ಕೆಯಿಂದಲೇ ಮೂರು ಅಥವಾ ಐದು ಗುಂಡಿನ ಗುಂಪು ಹಾರಿಸಿ ನೋಡಿ. ಆ ದೂರದಲ್ಲಿ ಸ್ಕ್ರೂವಿನ ಒಂದು ಕ್ಲಿಕ್‌ಗೆ ಗುಂಪು ಸುಮಾರು ಕಾಲು ಇಂಚು ಸರಿಯುತ್ತದೆ.